ಕಿಟಕಿಯಿಂದ ಬಿದ್ದ ಬೈರಾಸು

ಕೊಪ್ಪದ ಬಸ್‌ಸ್ಟ್ಯಾಂಡಿಗೆ ಸಂಜೆಯ ನರಸಿಂಹರಾಜಪುರದ ಬಸ್ಸು ಬಂದು ನಿಲ್ಲುವ ಮೊದಲೇ, ಅಂದರೆ ಅದರ ಚಕ್ರಗಳಿನ್ನೂ ಉರುಳುತ್ತಿರುವಾಗಲೇ, ಕಿಟಕಿಗಳ ಮೂಲಕ ಒಳಗೆ ತೂರಿಹೋಗುವ ವಸ್ತುವೈವಿಧ್ಯವನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ಕರವಸ್ತ್ರ, ಕೊಡೆ, ತರಕಾರಿ ಚೀಲ, ಮಡಚಿದ ಪತ್ರಿಕೆ, ಒಮ್ಮೆ ಒಂದು ಜೊತೆ ಹೊಸ ಚಪ್ಪಲಿ. ಇವೆಲ್ಲವುಗಳ ನಡುವೆ ಅಗ್ರಪೂಜೆಗೆ ಅರ್ಹವಾದದ್ದು ಬೈರಾಸು, ಎಂದರೆ ನಮ್ಮ ಕಡೆಯವರ ಹೆಗಲ ಮೇಲೆ ಸದಾ ಇರುವ ಟವೆಲ್ಲು. ಅದು ಬಿದ್ದ ಸೀಟು ಬಿದ್ದ ಕ್ಷಣದಿಂದಲೇ ಪರರ ಸ್ವತ್ತು. ಬಾಗಿಲಲ್ಲಿ ಮೊಣಕೈಗಳ ಮಹಾಯುದ್ಧವನ್ನು ಗೆದ್ದು, ಅಂಗಿಯ ಒಂದು ಗುಂಡಿಯನ್ನು ರಣರಂಗಕ್ಕೆ ಅರ್ಪಿಸಿ ಏದುಸಿರು ಬಿಡುತ್ತ ಒಳಹೊಕ್ಕವನು, ಖಾಲಿ ಸೀಟಿನ ಮೇಲೆ ನಿರ್ವಿಕಾರವಾಗಿ ಮಲಗಿರುವ ಮಾಸಲು ವಸ್ತ್ರವೊಂದನ್ನು ಕಂಡು ತೆಪ್ಪಗೆ ಮುಂದೆ ಸಾಗುತ್ತಾನೆ. ಇದಕ್ಕೆ ಯಾವ ಕಾಯಿದೆಯ ಆಧಾರವೂ ಇಲ್ಲ. ಆದರೂ ಪಕ್ಕದವನ ಬೇಲಿಯನ್ನು ರಾತ್ರೋರಾತ್ರಿ ಸರಿಸಬಲ್ಲ ನಮ್ಮ ಜನ ಅವನ ಬೈರಾಸನ್ನು ಸರಿಸಲು ಅಂಜುತ್ತಾರೆ.

ನಾನು ವಿಮಾ ಏಜೆಂಟನಾಗಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂಬ ಈ ತ್ರಿಕೋನದೊಳಗೆ ಆಯುಷ್ಯದ ಬಹುಭಾಗವನ್ನು ಬಸ್ಸಿನಲ್ಲಿ, ಅದರಲ್ಲೂ ನಿಂತುಕೊಂಡು, ಸವೆಸಿದವನು. ಬೈರಾಸು ಎಸೆಯುವ ವಿದ್ಯೆ ನನಗೆ ಕೊನೆಗೂ ಸಿದ್ಧಿಸಲಿಲ್ಲ. ಬಾಲ್ಯದಲ್ಲಿ ಕಿಗ್ಗದಿಂದ ಶೃಂಗೇರಿಗೆ ಹೋಗಿ ಪಾಠಶಾಲೆಯ ಬಾಗಿಲಲ್ಲಿ ಕೂತು ಬಂದ ಪುಣ್ಯಕ್ಕೆ ನನಗೆ ನಾಲ್ಕು ಸಂಸ್ಕೃತ ವಾಕ್ಯಗಳೂ ಅವುಗಳಿಗೆ ಮೀರಿದ ಗಾಂಭೀರ್ಯವೂ ಅಂಟಿಕೊಂಡಿದ್ದು, ಅಂಥವನು ಕಿಟಕಿಗೆ ಬಟ್ಟೆ ಎಸೆಯುವುದು ಶೋಭಿಸದು ಎಂಬುದು ನಾನು ಎಲ್ಲರಿಗೂ ಕೊಡುವ ಕಾರಣ. ಒಮ್ಮೆ ಎಸೆದಾಗ ಅದು ಈ ಕಿಟಕಿಯಿಂದ ಹೊಕ್ಕು ಆ ಕಿಟಕಿಯಿಂದ ಹೊರಬಿದ್ದು, ಆಚೆ ನಿಂತಿದ್ದ ಶೇಂಗಾ ಗಾಡಿಯವನ ತಲೆಯ ಮೇಲೆ ಕೂತಿತು ಎಂಬುದು ನಿಜವಾದ ಕಾರಣ.

ಇಂಥ ಅಲ್ಪ ವಿಷಯದಿಂದ ನಾನು ನಿಮ್ಮನ್ನು ಕ್ರೈಸ್ತ ಧರ್ಮಶಾಸ್ತ್ರದ ಅತಿ ಕ್ಲಿಷ್ಟವಾದ ಸಮಸ್ಯೆಯೊಂದರ ಕಡೆಗೆ ಕರೆದೊಯ್ಯುತ್ತೇನೆಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಮನುಷ್ಯ ಸ್ವರ್ಗ ಸೇರುವುದು ತಾನು ಮಾಡಿದ ಒಳ್ಳೆಯ ಕೆಲಸಗಳ ಬಲದಿಂದಲೋ, ದೇವರ ಕೃಪೆಯಿಂದಲೋ? ಕೃಪೆಯಿಂದಲೇ ಎನ್ನುವುದಾದರೆ ಅದು ಕೈಚಾಚಿದವರಿಗೆಲ್ಲ ಸಿಗುತ್ತದೋ, ಅಥವಾ ಲೋಕವೆಂಬುದು ಹುಟ್ಟುವ ಮೊದಲೇ ಆತ ಯಾರ್ಯಾರ ಹೆಸರಿನಲ್ಲಿ ಬೈರಾಸು ಹಾಕಿಟ್ಟಿದ್ದಾನೋ ಅವರಿಗೆ ಮಾತ್ರವೋ? ಬಾಗಿಲಲ್ಲಿ ನೂಕಾಡುವವರು ಒಂದು ಪಕ್ಷ, ಕಿಟಕಿಯನ್ನು ನಂಬಿದವರು ಇನ್ನೊಂದು ಪಕ್ಷ ಎಂದುಕೊಂಡರೆ ಮಹಾಮಹಾ ಪಂಡಿತರ ಸಾವಿರ ಪುಟಗಳ ಸಾರ ನಿಮಗೆ ದಕ್ಕಿದಂತೆಯೇ.

ಜಗಳ ಹಳೆಯದು. ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ, ಬ್ರಿಟನ್ ದ್ವೀಪದಿಂದ ರೋಮಿಗೆ ಬಂದ ತಪಸ್ವಿಯೊಬ್ಬ, ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯವನಾಗಿ ಬದುಕಬಲ್ಲ, ಬದುಕಬೇಕು ಎಂದನಂತೆ. ಯಾವ ಹೈಸ್ಕೂಲಿನ ಹೆಡ್‌ಮಾಸ್ತರರೂ ತಲೆದೂಗುವಂಥ ಈ ಮಾತಿಗೆ ಆಫ್ರಿಕದ ಬಿಷಪ್ಪರೊಬ್ಬರು ಕೆಂಡಾಮಂಡಲವಾದರು. ಯೌವನದಲ್ಲಿ ಸಾಕಷ್ಟು ಪೋಲಿ ಅಲೆದು, ಮನಸ್ಸು ತನ್ನ ಯಜಮಾನನ ಮಾತನ್ನು ಎಷ್ಟು ಕೇಳುತ್ತದೆ ಎಂಬುದನ್ನು ಸ್ವಾನುಭವದಿಂದ ಬಲ್ಲ ಅವರು, ಬಿದ್ದವನು ತಾನಾಗಿ ಏಳಲಾರ, ಎತ್ತುವವನು ಬೇರೆ ಎಂದರು. ತಪಸ್ವಿಗೆ ಬಹಿಷ್ಕಾರವಾಯಿತು. ಸಾವಿರ ವರ್ಷದ ಮೇಲೆ ಜಿನೀವಾದಲ್ಲಿ ನೆಲೆಸಿದ, ವಕೀಲಿ ಓದಿದ್ದ ಮಹನೀಯರೊಬ್ಬರು ಇದೇ ಎಳೆಯನ್ನು ಜಗ್ಗಿ, ಎತ್ತುವುದು ದೇವರೇ ಆದರೆ ಎತ್ತದೆ ಬಿಡುವುದೂ ಅವನೇ ತಾನೆ ಎಂಬಲ್ಲಿಗೆ ತಂದು ನಿಲ್ಲಿಸಿದರು. ವಕೀಲರ ಕೈಗೆ ಸಿಕ್ಕ ಮೇಲೆ ಯಾವ ವ್ಯಾಜ್ಯ ತಾನೆ ಸರಳವಾಗಿ ಉಳಿದೀತು? ಅನಂತರ ಡಚ್ಚರ ನಾಡಿನಲ್ಲಿ ತಿಂಗಳುಗಟ್ಟಲೆ ಸಭೆ ಸೇರಿ ಈ ಸಿದ್ಧಾಂತಕ್ಕೆ ಐದು ಅಂಶಗಳನ್ನು ಹೊಸೆದರು. ಇಂಗ್ಲಿಷಿನಲ್ಲಿ ಆ ಐದರ ಮೊದಲಕ್ಷರ ಜೋಡಿಸಿದರೆ ಟ್ಯುಲಿಪ್ ಹೂವಿನ ಹೆಸರಾಗುತ್ತದೆಂದು ಕೇಳಿ ನಾನು ಬೆರಗಾದೆ. ಮನುಕುಲದ ಬಹುಪಾಲನ್ನು ಬೆಂಕಿಗೆ ಕಳಿಸುವ ಏರ್ಪಾಡಿಗೆ ಹೂವಿನ ಹೆಸರು ಹೊಂದಿಸಿದವರ ಸೌಂದರ್ಯಪ್ರಜ್ಞೆಯನ್ನು ಮೆಚ್ಚಲೇಬೇಕು.

ಇದನ್ನೆಲ್ಲ ನಾನು ಯಾವ ಗ್ರಂಥಾಲಯದಲ್ಲೂ ಓದಿದವನಲ್ಲ. ನರಸಿಂಹರಾಜಪುರದಲ್ಲಿ ನನ್ನ ಮನೆಯಿಂದ ಎರಡು ಬೇಲಿ ಆಚೆಗಿರುವ ಏಲಿಯಮ್ಮನವರ ಜಗಲಿಯಲ್ಲಿ, ಹಾಲು ಹಾಕದ ಚಹಾ ಕುಡಿಯುತ್ತ, ಎಡಗಿವಿಯಲ್ಲಿ ಅವರ ಹಿರಿಯ ಮಗ ಜೋಸನದನ್ನೂ ಬಲಗಿವಿಯಲ್ಲಿ ಕಿರಿಯ ಮಗ ಸಜಿಯದನ್ನೂ ಕೇಳಿ ಕಲಿತವನು. ಅವರ ಹಿರಿಯರು ಕೇರಳದಿಂದ ಬಂದು ಇಲ್ಲಿ ರಬ್ಬರು, ಕಾಳುಮೆಣಸು ಬೆಳೆದು ನೆಲೆಯೂರಿದವರು. ಈಗ ಮನೆಯೊಳಗಿನ ಅವರ ಮಲಯಾಳದಲ್ಲೂ ಅರ್ಧಕ್ಕರ್ಧ ಕನ್ನಡವೇ. ಏಲಿಯಮ್ಮನವರ ಗಂಡ ಕುರಿಯಾಚನ್ ನನ್ನ ಗೆಳೆಯ. ನನ್ನಿಂದ ವಿಮೆ ಮಾಡಿಸಿ, ಒಂದು ಕಂತು ಕಟ್ಟಿ, ಉಳಿದದ್ದನ್ನು ಮರೆತು, ಮರೆತದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ನೇಂದ್ರಬಾಳೆಯ ಗೊನೆಯನ್ನು ತಾನೇ ಹೊತ್ತು ತರುತ್ತಿದ್ದ ಪುಣ್ಯಾತ್ಮ. ಪುಣ್ಯಾತ್ಮ ಎಂದೆನೇ? ಚರ್ಚೆಗೆ ವಸ್ತುವಾದದ್ದು ಅದೇ.

ಕುರಿಯಾಚನ್ ಕುಡಿಯುತ್ತಿದ್ದ. ದಿನವೂ ಅಲ್ಲ, ಆದರೆ ಕುಡಿದ ದಿನ ಮನಃಪೂರ್ವಕವಾಗಿ. ಭಾನುವಾರ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ಪ್ರಸಂಗ ಮುಗಿಯುವವರೆಗೆ ಹೊರಗಿನ ಹಲಸಿನ ಮರದ ಕೆಳಗೆ ಬೀಡಿ ಸೇದುತ್ತ, ಒಳಗಿನ ಧ್ವನಿವರ್ಧಕದ ಕೃಪೆಯಿಂದ ದೇವರ ವಾಕ್ಯ ಹೇಗಿದ್ದರೂ ಇಲ್ಲಿಗೆ ಬರುತ್ತದಲ್ಲ ಎನ್ನುತ್ತಿದ್ದ. ಇಸ್ಪೀಟಿನಲ್ಲಿ ಸೋಲುತ್ತಿದ್ದ, ಗೆದ್ದಾಗ ಸೋತವನಿಗೆ ಹಿಂದಿರುಗಿಸುತ್ತಿದ್ದ. ಅವನ ನಿಜವಾದ ಪ್ರತಿಭೆ ಪ್ರಕಟವಾಗುತ್ತಿದ್ದುದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. ಕೆಂಪು ಅಂಚಿನ ಬೈರಾಸನ್ನು ತುದಿಯಲ್ಲೊಂದು ಗಂಟು ಹಾಕಿ, ಚಲಿಸುತ್ತಿರುವ ಬಸ್ಸಿನ ಯಾವ ಕಿಟಕಿಗೆ ಬೇಕೋ ಆ ಕಿಟಕಿಗೆ, ಜನರ ತಲೆಗಳ ಮೇಲಿಂದ ಹಾರಿಸಿ ಸೀಟಿನ ಮೇಲೆ ಅಂಗಾತ ಮಲಗಿಸುತ್ತಿದ್ದ. ಆ ಸೀಟಿನಲ್ಲಿ ಏಲಿಯಮ್ಮ ಕೂರುತ್ತಿದ್ದರು. ಪಕ್ಕದ ಸೀಟೂ ಅವನ ಬೈರಾಸಿನ ವ್ಯಾಪ್ತಿಗೇ ಬರುತ್ತಿತ್ತಾದರೂ, ಬಸ್ಸು ಹೊರಡುವಷ್ಟರಲ್ಲಿ ಬಸುರಿಗೋ ಮುದುಕನಿಗೋ ಸಂತೆಯಿಂದ ಕೋಳಿ ತಂದವಳಿಗೋ ಅದನ್ನು ಕೊಟ್ಟು, ತಾನು ಕಂಬಿ ಹಿಡಿದು ನಿಂತು, ಬಾಗಿದ ಕಡೆಗೆಲ್ಲ ಸಾರಾಯಿಯ ಘಮ ಹಂಚುತ್ತ ನಗಿಸುತ್ತ ಬರುತ್ತಿದ್ದ. ನಾನೂ ನಿಂತಿರುತ್ತಿದ್ದೆನಾದ್ದರಿಂದ ಕುರಿಯಾಚನ್ ಕೂತು ಪ್ರಯಾಣ ಮಾಡಿದ್ದನ್ನು ಒಮ್ಮೆಯೂ ಕಂಡವನಲ್ಲ.

ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಎರಡು ಮತಗಳಾದವು. ಜೋಸ್ ಹಳೆಯ ಚರ್ಚನ್ನು ಬಿಟ್ಟುಕೊಟ್ಟವನಲ್ಲ. ಅಲ್ಲಿನ ಸಮಿತಿಯ ಸದಸ್ಯ. ಯಾವ ಪ್ರಾರ್ಥನೆಗೆ ಎಷ್ಟು ಫಲ, ಯಾವ ಉಪವಾಸಕ್ಕೆ ಎಷ್ಟು ರಿಯಾಯಿತಿ ಎಂಬುದನ್ನು ಸೊಸೈಟಿಯ ಸೆಕ್ರೆಟರಿಯ ಖಚಿತತೆಯಿಂದ ಹೇಳಬಲ್ಲವನು. ಕೃಪೆ ದೇವರದು ಸರಿ, ಆದರೆ ಮನುಷ್ಯನೂ ಕೈಜೋಡಿಸಬೇಕು, ಇಲ್ಲದಿದ್ದರೆ ಸಮಿತಿ ಯಾಕೆ ಎಂಬುದು ಅವನ ವಾದ. ಪಿಕಪ್ ಓಡಿಸುವ ಸಜಿಗೆ ಕೊಪ್ಪದ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕೂಡುವ ಪ್ರಾರ್ಥನಾ ಕೂಟವೊಂದು ಸಿಕ್ಕಿತು. ಅದಕ್ಕೂ ಮುನ್ನ ಫೋನಿನಲ್ಲಿ, ಯಾವುದೋ ದೇಶದ ಗಡ್ಡಧಾರಿಯ ಪ್ರಸಂಗಗಳು ಸಿಕ್ಕಿದವು. ಅಂದಿನಿಂದ ಪಿಕಪ್ಪಿನ ಗಾಜಿನ ಮೇಲೆ ಒಂದು ಟ್ಯುಲಿಪ್ ಹೂವು ಅರಳಿತು. ತಾನು ಮಹಾಪಾಪಿ, ಕಿಂಚಿತ್ತೂ ಯೋಗ್ಯತೆಯಿಲ್ಲದವನು, ಆದರೂ ಆತ ತನ್ನನ್ನು ಅನಾದಿಯಲ್ಲೇ ಆರಿಸಿದ ಎಂದು ಸಜಿ ಹೇಳುವಾಗ, ಅವನ ಧ್ವನಿಯಲ್ಲಿ ತಾಲ್ಲೂಕಿಗೆ ಮೊದಲ ಸ್ಥಾನ ಬಂದವನ ವಿನಯವಿರುತ್ತದೆ. ಆಯ್ಕೆಯಾದವರು ಕೆಲವರೇ ಎಂಬ ಸಿದ್ಧಾಂತವನ್ನು ಒಪ್ಪಿದವರನ್ನು ನಾನು ಅನೇಕರನ್ನು ಕಂಡಿದ್ದೇನೆ. ತಾನು ಆಯ್ಕೆಯಾಗದವನು ಎಂದು ಹೇಳಿಕೊಂಡವನನ್ನು ಇನ್ನೂ ಕಂಡಿಲ್ಲ.

ಇಬ್ಬರೂ ಒಂದು ದಿನ ಮೇಜು ಕುಟ್ಟುವ ಹಂತಕ್ಕೆ ಬಂದಾಗ ನನ್ನೊಳಗಿನ ಪಾಠಶಾಲೆ ಎಚ್ಚೆತ್ತಿತು. ನಮ್ಮಲ್ಲೂ ಈ ಜಗಳವಿತ್ತು, ಇದಕ್ಕೆ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎನ್ನುತ್ತಾರೆ ಎಂದು ಗಂಟಲು ಸರಿಮಾಡಿಕೊಂಡು ಹೊರಟೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಜೋಸನದು ಅದು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕುತ್ತಿಗೆ ಕಚ್ಚಿ ಒಯ್ಯುತ್ತದೆ, ಸಜಿಯದು ಇದು. ಕಂಚಿಯ ಕಡೆಯಲ್ಲೋ ಶ್ರೀರಂಗದ ಕಡೆಯಲ್ಲೋ ಶತಮಾನಗಳಿಂದ ತಲೆದೂಗಿಸಿಕೊಂಡು ಬಂದ ದೃಷ್ಟಾಂತ ಇದು. ಆದರೆ ಮಂಗಗಳು ತೋಟಕ್ಕೆ ಇಳಿದು ಏಲಕ್ಕಿ, ಬಾಳೆ, ಕೋಕೋ ಎಲ್ಲವನ್ನೂ ಹರಿದು ಹಂಚಿ ಹಾಕುತ್ತಿರುವ ಊರಿನಲ್ಲಿ ಅದನ್ನು ಹೇಳಬಾರದಾಗಿತ್ತು.

"ಮಂಗನ ಕಡೆಗೆ ನನ್ನನ್ನು ಸೇರಿಸ್ಬೇಡಿ ಭಟ್ರೇ," ಎಂದ ಜೋಸ್, ಮುಖ ಕೆಂಪಾಗಿ. "ನಿನ್ನೆ ತಾನೆ ಇಪ್ಪತ್ತು ಗೊನೆ ಹಾಳು ಮಾಡಿ ಹೋಗಿದಾವೆ."

ಬೆಕ್ಕು ತನ್ನ ಮರಿಗಳಲ್ಲಿ ಕೆಲವನ್ನು ತಾನೇ ತಿಂದುಬಿಡುವುದುಂಟು ಎಂದು ನಾನು ಸಮಾಧಾನಕ್ಕೆ ಸೇರಿಸಿದೆ. ಸಜಿ ಎದ್ದುಹೋದ. ಸರ್ವಮತ ಸಮನ್ವಯದಲ್ಲಿ ನನ್ನ ಮೊದಲ ಮತ್ತು ಕೊನೆಯ ಪ್ರಯತ್ನ ಅದು.

ಇಲ್ಲಿ ನಾನು ಪರರ ಮನೆಯ ಸೂರನ್ನೇ ನೋಡಿ ನಗುತ್ತಿದ್ದೇನೆಂದು ನೀವು ಭಾವಿಸಬಾರದು. ನನ್ನ ಬೀಗರು, ಎಂದರೆ ಮಗಳ ಮಾವ, ದ್ವೈತ ಸಿದ್ಧಾಂತದಲ್ಲಿ ನಿಷ್ಠರು. ಕೆಲವು ಜೀವಗಳು ಸ್ವಭಾವತಃ ಮುಕ್ತಿಗೆ ಯೋಗ್ಯ, ಕೆಲವು ಹೀಗೇ ಸುತ್ತುತ್ತಿರುವಂಥವು, ಕೆಲವು ಎಂದೆಂದಿಗೂ ಕತ್ತಲಿಗೇ ಯೋಗ್ಯ ಎಂದು ಅವರು ಎರಡನೆಯ ಸಲ ಪಾಯಸ ಬಡಿಸಿಕೊಳ್ಳುತ್ತ ವಿವರಿಸುವಾಗ, ಮೂರನೆಯ ವರ್ಗಕ್ಕೆ ಬಂದೊಡನೆ ಅವರ ಕಣ್ಣು ಯಾಕೋ ನನ್ನ ಕಡೆ ತಿರುಗುತ್ತದೆ. ಅದ್ವೈತಿಯಾದ ನನಗೆ ಈ ಭಯವಿಲ್ಲ. ಕತ್ತಲೂ ಮಿಥ್ಯೆ, ಬೀಗರೂ ಮಿಥ್ಯೆ. ಆದರೆ ಸತ್ಯ ಹೇಳಬೇಕೆಂದರೆ, ನನ್ನದೂ ಒಂದು ಆಯ್ಕೆಯೇ. ನಮ್ಮ ಕಡೆಯ ಮದುವೆಮನೆಗಳಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿದಾಗ ನನ್ನನ್ನು ಕೈಹಿಡಿದು ಕೂರಿಸುತ್ತಾರೆ, ಮಂಟಪಕ್ಕೆ ಕಂಬ ಹೊತ್ತು ಬೆವರಿದವರು ಹೊರಗೆ ಕಾಯುತ್ತಾರೆ. ಆ ಎಲೆಗಾಗಿ ನಾನು ಮಾಡಿದ ಪ್ರಯತ್ನವೇನು? ಒಂದು ನಿರ್ದಿಷ್ಟ ಹೊಟ್ಟೆಯಿಂದ ಹುಟ್ಟಿದೆ, ಅಷ್ಟೆ. ಜಿನೀವಾದ ವಕೀಲರು ಬರೆಯುವುದಕ್ಕೆ ಎಷ್ಟೋ ಮೊದಲು ನಾವು ಅದನ್ನು ಬಡಿಸಿಕೊಂಡು ಉಂಡವರು. ಏಲಿಯಮ್ಮನವರ ಮನೆಯಲ್ಲಿ ಇಷ್ಟು ವರ್ಷ ನಾನು ಬಾಳೆಹಣ್ಣು, ಹಾಲಿಲ್ಲದ ಚಹಾಗಳಾಚೆಗೆ ಕೈ ಚಾಚದಿದ್ದುದೂ ಆ ಆಯ್ಕೆಗೆ ಭಂಗ ಬಾರದಿರಲೆಂದೇ.

ಇನ್ನು ಸಂಗತಿಗೆ ಬರುತ್ತೇನೆ. ಸತ್ತವರ ವರ್ಷಾಬ್ದಿಗೆ ಅವರಲ್ಲಿ ಚರ್ಚಿನಲ್ಲಿ ಪೂಜೆ, ಮನೆಯಲ್ಲಿ ಊಟ ಉಂಟು. ಅದಕ್ಕೆ ಚಾತ್ತ ಎನ್ನುತ್ತಾರೆ, ನಮ್ಮ ಶ್ರಾದ್ಧದ ದಾಯಾದಿ. ಕುರಿಯಾಚನ್ನನ ಚಾತ್ತ ಹತ್ತಿರ ಬಂದಾಗ ಸಜಿ ತಾನು ಅದರ ಊಟ ಮುಟ್ಟುವುದಿಲ್ಲ ಎಂದ. ಸಜಿ ಕ್ರೂರಿಯಲ್ಲ. "ಆರಿಸಿದವರಲ್ಲಿ ಅದರ ಫಲ ಕಾಣ್ಬೇಕು ಅಮ್ಮಚ್ಚಿ. ಅಪ್ಪಚ್ಚನಲ್ಲಿ ನಾವು ಎಂತ ಕಂಡಿದೀವಿ? ಎಲ್ಲ ಯಾವತ್ತೋ ತೀರ್ಮಾನ ಆಗಿದೆ. ಈಗ ಊಟ ಹಾಕಿದ್ರೆ ಬದಲಾಗೋದಲ್ಲ," ಎಂದ. ಜೋಸ್ ಇದನ್ನು ಖಂಡಿಸಿದ ರೀತಿ ಇನ್ನೂ ಸೊಗಸಾಗಿತ್ತು. ಅಪ್ಪಚ್ಚನ್ ನರಕದಲ್ಲಿಲ್ಲ, ಸ್ವರ್ಗಕ್ಕೆ ಮುಂಚೆ ಪಾಪ ಕಳೆಯುವ ಶುದ್ಧೀಕರಣದ ಜಾಗದಲ್ಲಿ ಬೇಯುತ್ತಿದ್ದಾರೆ, ಬಾಕಿ ಬಹಳ ಇರುವುದರಿಂದ ಒಂದು ಪೂಜೆ ಸಾಲದು, ಹೆಚ್ಚು ಮಾಡಿಸಬೇಕು ಎಂದು ಅವನು ತಾಯಿಗೆ ಧೈರ್ಯ ಹೇಳಿದ. ಇಡೀ ಜಗತ್ತನ್ನು ಎರಡಾಗಿ ಸೀಳಿದ ಈ ಎರಡು ಸಿದ್ಧಾಂತಗಳು ಒಂದು ವಿಷಯದಲ್ಲಿ ಮಾತ್ರ ಏಕಮತಕ್ಕೆ ಬಂದಿದ್ದವು: ಕುರಿಯಾಚನ್ನನಿಗೆ ಸೀಟು ಸಿಕ್ಕಿಲ್ಲ.

ಏಲಿಯಮ್ಮ ಅಳುವ ಹೆಂಗಸಲ್ಲ. ಬೈಯುವವರು. ಮೊಮ್ಮಕ್ಕಳಿಂದ ಹಿಡಿದು ಪಾದ್ರಿಗಳವರೆಗೆ ಅವರ ಬಾಯಿಗೆ ಬೀಳದವರಿಲ್ಲ. ಅಂಥವರು ಬೈಯುವುದನ್ನು ನಿಲ್ಲಿಸಿದ್ದು ಕಂಡು ನನಗೆ ಗಾಬರಿಯಾಯಿತು. ಸಂಜೆಯ ಜಪಮಾಲೆಯ ಕೊನೆಗೆ ಅವರು ದಿನವೂ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು; ನನ್ನ ಮನೆಗೂ ಕೇಳುತ್ತಿತ್ತು. ಈಗ ಜಪ ಅಲ್ಲಿಯವರೆಗೆ ಬಂದು ನಿಂತುಬಿಡುತ್ತಿತ್ತು. ಎಲ್ಲವೂ ತೀರ್ಮಾನವಾಗಿದ್ದರೆ ಹೆಸರು ಹೇಳಿ ಪ್ರಯೋಜನವೇನು, ಅವರು ಬೇಯುತ್ತಲೇ ಇದ್ದರೆ ಇಷ್ಟು ದಿನ ಹೇಳಿದ್ದು ಯಾರಿಗೆ ಕೇಳಿತು ಎಂದು ಒಂದು ದಿನ ಜಗಲಿಯಲ್ಲಿ ನನ್ನ ಮುಂದೆ ಹೇಳಿಕೊಂಡರು. ಆಮೇಲೆ ನೇರವಾಗಿ ಕೇಳಿದರು. "ನೀವಾದ್ರೂ ಹೇಳಿ ಭಟ್ರೇ. ಅವರು ಈಗ ಎಲ್ಲಿದಾರೆ?"

ನನ್ನ ಬಳಿ ಇದ್ದದ್ದು ನಾಲ್ಕು ಸಂಸ್ಕೃತ ವಾಕ್ಯಗಳು. ಅವುಗಳಲ್ಲಿ ಒಂದನ್ನು ಆಯ್ದು, ನಿಜವಾಗಿ ನೋಡಿದರೆ ಹೋಗುವವನೂ ಇಲ್ಲ, ಹೋಗುವ ಜಾಗವೂ ಇಲ್ಲ, ಇರುವುದೊಂದೇ ಎಂದು ಮೃದುವಾಗಿ ಹೇಳಿದೆ.

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಹಂಗಾರೆ ನಾನು ಅಷ್ಟು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ?"

ನಾನು ಬಾಳೆಹಣ್ಣು ಸುಲಿದೆ. ನನ್ನ ಪಾಂಡಿತ್ಯಕ್ಕೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಚಾತ್ತಕ್ಕೆ ವಾರವಿರುವಾಗ ಏಲಿಯಮ್ಮನಿಗೆ ಕೊಪ್ಪದಲ್ಲಿ ಕಣ್ಣಿನ ಡಾಕ್ಟರನ್ನು ಕಾಣುವುದಿತ್ತು. ಇಬ್ಬರು ಮಕ್ಕಳೂ ಜೊತೆಗೆ ಬಂದಿದ್ದರು. ಸಜಿಯ ಪಿಕಪ್ಪಿತ್ತು, ಆದರೆ ಗಾಜಿನ ಮೇಲೆ ಆ ಹೂವು ಇರುವವರೆಗೆ ಅದಕ್ಕೆ ಹತ್ತುವುದಿಲ್ಲವೆಂದು ಮುದುಕಿ ಹಟ ಹಿಡಿದಿದ್ದರಿಂದ ಎಲ್ಲರೂ ಬಸ್ಸಿನ ಪ್ರಯಾಣಿಕರೇ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಅವರನ್ನು ಕೂಡಿಕೊಂಡೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ ಇದು. ಕ್ರಿಯೆಯಿಂದಲ್ಲ, ಕೃಪೆಯಿಂದ ಎಂಬ ವಾಕ್ಯವನ್ನು ಸರ್ಕಾರವೊಂದು ಇಷ್ಟು ಅಕ್ಷರಶಃ ಜಾರಿಗೆ ತಂದದ್ದನ್ನು ಯಾವ ಧರ್ಮಸಭೆಯೂ ಊಹಿಸಿರಲಾರದು. ಆದರೆ ಕೃಪೆ ಟಿಕೆಟ್ಟಿಗೆ ಮಾತ್ರ, ಸೀಟಿಗಲ್ಲ. ಹಾಗಾಗಿ ಬಸ್ಸಿಗೆ ಕಾದಿದ್ದ ಜನ ಎಂದಿಗಿಂತ ದುಪ್ಪಟ್ಟು.

ಅಷ್ಟು ಜನರ ನಡುವೆ ಜೋಸ್, ಚಾತ್ತಕ್ಕೆ ಎಷ್ಟು ಎಲೆ ಎಂದು ಕೇಳಿದ್ದೇ ತಪ್ಪಾಯಿತು. ಸಜಿ ನಿಟ್ಟುಸಿರಿಟ್ಟ. ಒಬ್ಬ ಪವಿತ್ರಗ್ರಂಥದ ಒಂದು ಪತ್ರಿಕೆಯಿಂದ, ಎಂದರೆ ಹಿಂದಿನ ಸಂತರು ಬರೆದ ಓಲೆಯೊಂದರಿಂದ, ವಾಕ್ಯ ತೆಗೆದ, ಇನ್ನೊಬ್ಬ ಇನ್ನೊಂದು ಪತ್ರಿಕೆಯಿಂದ. ಮೋಕ್ಷ ಪ್ರಯತ್ನದಿಂದ ಬರುವುದಿಲ್ಲ, ಬರುತ್ತದೆ, ಇಲ್ಲ, ಹೌದು ಎಂದು ಇಬ್ಬರೂ ಕೈ ಬೀಸತೊಡಗಿದರು. ಮಂಗನ ಪ್ರಸಂಗ ನೆನಪಿದ್ದರೂ ಚಪಲ ತಡೆಯದೆ ನಾನೂ ನಡುವೆ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಎತ್ತಿಹಿಡಿದೆ. ನಾವು ಮೂವರು ವಿದ್ವಾಂಸರು ಈ ಪರಿ ಮಗ್ನರಾಗಿರಲು ಬಸ್ಸು ಬಂತು, ನಿಂತಿತು, ತುಂಬಿತು. ಪ್ರಯತ್ನವನ್ನು ನಂಬಿದವನೂ ಪ್ರಯತ್ನಿಸಲಿಲ್ಲ, ಆಯ್ಕೆಯನ್ನು ನಂಬಿದವನನ್ನೂ ಯಾರೂ ಆರಿಸಲಿಲ್ಲ. ಕೊನೆಯಲ್ಲಿ ಬಾಗಿಲಿಗೆ ಜೋತುಬಿದ್ದು ಹೇಗೋ ಒಳಸೇರಿದೆವು.

ಒಳಗೆ, ಎಡಗಡೆಯ ಎರಡನೆಯ ಸಾಲಿನ ಕಿಟಕಿಯ ಪಕ್ಕ, ಏಲಿಯಮ್ಮ ಆಗಲೇ ಕೂತಿದ್ದರು. ಅವರ ಬದಿಯ ಸೀಟಿನ ಮೇಲೆ ಕೆಂಪು ಅಂಚಿನ ಬೈರಾಸೊಂದು ತುದಿ ಗಂಟು ಹಾಕಿಕೊಂಡು ಮಲಗಿತ್ತು. ಗಂಡನದನ್ನು ಅವರು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರೆಂಬುದು ನಮಗಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಹನಿ ಹಾಕಿ ಮಂಜಾಗಿಸಿದ ಕಣ್ಣಿನಲ್ಲಿ ಆ ಮುದುಕಿ ಅದನ್ನು ಕಿಟಕಿಯೊಳಕ್ಕೆ ಹೇಗೆ ಗುರಿಯಿಟ್ಟು ಹಾಕಿದರೋ, ದೇವರೇ ಬಲ್ಲ.

ಜೋಸ್ ನಿಟ್ಟುಸಿರುಬಿಟ್ಟು ಕೂರಲು ಬಗ್ಗಿದ. "ಅಲ್ಲಿ ಜನ ಇದಾರೆ," ಎಂದರು ತಾಯಿ.

"ಯಾರು ಅಮ್ಮಚ್ಚಿ?"

"ನಿಮ್ಮಪ್ಪ."

ಸುತ್ತಲಿನವರು ತಿರುಗಿ ನೋಡಿದರು. ಸಜಿ ಬಗ್ಗಿ, ಮಗುವಿಗೆ ಹೇಳುವ ಹಾಗೆ, ಅಪ್ಪಚ್ಚನ್ ಇಲ್ಲವಲ್ಲ ಎಂದು ಶುರುಮಾಡಿದ. ಏಲಿಯಮ್ಮ ಅವನನ್ನು ಮುಗಿಸಲು ಬಿಡಲಿಲ್ಲ. "ಮೊದಲೇ ಹಿಡಿದಿಟ್ಟ ಜಾಗವ ಯಾರೂ ತಪ್ಸೋಕಾಗಲ್ಲ ಅಂತ ನೀನೇ ಅಲ್ದಾ ಹೇಳಿದ್ದು? ಹಿಡಿದಿಟ್ಟಿದೀನಿ. ಸುಮ್ನೆ ನಿಂತ್ಕೋ." ಆಮೇಲೆ ಜೋಸನ ಕಡೆ ತಿರುಗಿ, "ನೀನೂ ನಿಂತ್ಕೋ. ನಿಮ್ಮಪ್ಪಂಗೆ ಎಷ್ಟು ಬಾಕಿ ಅಂತ ಲೆಕ್ಕ ಹಾಕ್ತಾ ನಿಂತ್ಕೋ," ಎಂದರು. ಬಹಳ ದಿನದ ಮೇಲೆ ಅವರ ಬೈಗುಳ ಕೇಳಿ ನನಗೆ ಹಿತವೆನಿಸಿತು.

ಕಂಡಕ್ಟರು ಬಂದು ಖಾಲಿ ಸೀಟನ್ನೂ ತುಂಬಿದ ಬಸ್ಸನ್ನೂ ನೋಡಿ ಕೇಳಿದಾಗ ಏಲಿಯಮ್ಮ ಆಧಾರ್ ಕಾರ್ಡಿನ ಜೊತೆಗೆ ನೋಟು ಚಾಚಿ, ಗಂಡಸರದ್ದೊಂದು ಫುಲ್ ಟಿಕೆಟ್ ಕೊಡಿ ಎಂದರು. ಗಂಡಸು ಎಲ್ಲಿ ಎಂದು ಅವನು ಕೇಳಿದ್ದಕ್ಕೆ, ಮುಂದೆ ಹತ್ತುತ್ತಾರೆ ಎಂದರು. ಟಿಕೆಟ್ ಹರಿದು ಕೊಟ್ಟ ಅವನು ಆಮೇಲೆ ಆ ಸೀಟಿನ ಸುದ್ದಿಗೆ ಬರಲಿಲ್ಲ.

ನಾನು ಪಕ್ಕದಲ್ಲೇ ಕಂಬಿ ಹಿಡಿದಿದ್ದೆ. ಮೊಣಕಾಲು ನೋಯುತ್ತಿತ್ತು. ನಿಮ್ಮಲ್ಲಿ ಮುಚ್ಚಿಡುವುದೇನು, ಆ ಸೀಟು ಕೊನೆಗೆ ಯಾರಿಗೆ ಬರುತ್ತದೆಂಬ ವಿಷಯದಲ್ಲಿ ನನಗೆ ಆಗ ಕಿಂಚಿತ್ತೂ ಸಂದೇಹವಿರಲಿಲ್ಲ. ಮಕ್ಕಳ ಮೇಲೆ ಕೋಪ ಸಹಜ, ಅವರಿಗೆ ಪಾಠ ಕಲಿಸಿದ ಮೇಲೆ ಗಂಡನ ಗೆಳೆಯ, ವಯಸ್ಸಾದವನು, ಮೇಲಾಗಿ ಭಟ್ಟರು; ಇನ್ನೊಂದು ತಿರುವಿನಲ್ಲಿ ಕರೆದಾರು ಎಂದು ಮುಖದಲ್ಲಿ ಸ್ವಲ್ಪ ಆಯಾಸವನ್ನು ತಂದುಕೊಂಡು ಕಾದಿದ್ದೆ. ಸಜಿಯ ಸಿದ್ಧಾಂತದಲ್ಲಿ ಇದಕ್ಕೆ ಭರವಸೆ ಎನ್ನುತ್ತಾರೆ.

ಸೀತೂರಿನ ಕಡೆಯ ಕೈಮರದ ಹತ್ತಿರ ಬಸ್ಸು ನಿಂತಾಗ ಒಬ್ಬ ಹತ್ತಿದ. ಹತ್ತಿದ ಎನ್ನುವುದಕ್ಕಿಂತ ಮೆಟ್ಟಿಲಿಗೆ ತಾಗಿ ಒಳಕ್ಕೆ ಬಿದ್ದ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು, ವಾಸನೆ ಅವನಿಗಿಂತ ಮೊದಲು ಬಂದಿತ್ತು. ಹಿಂದೆ ಹೋಗು ಎಂದು ಕಂಡಕ್ಟರು ತಳ್ಳಿದ. ಜನ ಸೆರಗು, ಚೀಲ, ಮಕ್ಕಳನ್ನು ಅವನಿಂದ ಈಚೆ ಎಳೆದುಕೊಂಡರು. ನಾನೂ ಪಂಚೆಯ ಅಂಚನ್ನು ಎತ್ತಿಕೊಂಡೆ. ಬಸ್ಸು ಹೊರಟಾಗ ಅವನು ಒಮ್ಮೆ ಜೋಸನ ಮೇಲೂ ಒಮ್ಮೆ ಸಜಿಯ ಮೇಲೂ, ಪಕ್ಷಪಾತವಿಲ್ಲದೆ, ವಾಲಿದ.

ಏಲಿಯಮ್ಮ ಬೈರಾಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಬನ್ನಿ, ಕೂತ್ಕೊಳ್ಳಿ ಇಲ್ಲಿ," ಎಂದರು ಅವನಿಗೆ.

ಲೇಡೀಸ್ ಸೀಟಮ್ಮಾ ಎಂದ ಕಂಡಕ್ಟರು. ಟಿಕೆಟ್ ಇದೆಯಲ್ಲ ಎಂದು ಅವರು ಅದನ್ನು ತೆಗೆದು ತೋರಿಸಿದರು. ಆ ಮನುಷ್ಯ ತನ್ನನ್ನೇ ಕರೆದದ್ದೆಂದು ನಂಬಲಾರದೆ ಹಿಂದೆ ತಿರುಗಿ ನೋಡಿ, ಆಮೇಲೆ ಕೂತ. ಕೂತವನೇ ಮುಂದಿನ ಕಂಬಿಗೆ ಹಣೆ ಒರಗಿಸಿ ನಿದ್ದೆಹೋದ. ತಲೆ ಕಂಬಿಗೆ ಬಡಿಯದಿರಲೆಂದು ಏಲಿಯಮ್ಮ ಆ ಬೈರಾಸನ್ನು ಮಡಚಿ ಅವನ ಹಣೆಯ ಕೆಳಗೆ ಸೇರಿಸಿದರು.

"ಅವನು ಕುಡಿದಿದಾನೆ ಅಮ್ಮಚ್ಚಿ," ಎಂದ ಸಜಿ, ಮೆಲ್ಲಗೆ.

"ಆ ವಾಸನೆ ನಂಗೆ ಗೊತ್ತಿಲ್ವನಾ? ನಿಂತ್ರೆ ಬೀಳ್ತಾನೆ. ಬೀಳೋರಿಗೇ ಅಲ್ದಾ ಸೀಟು ಬೇಕಾಗೋದು? ನಿಮಗೆ ನಿಲ್ಲೋಕೆ ಬರ್ತದೆ, ನೀವು ನಿಂತ್ಕೊಳ್ಳಿ." ಕಿಟಕಿಯ ಕಡೆ ತಿರುಗಿ, ಯಾರಿಗೆಂದಿಲ್ಲದೆ ಹೇಳಿದರು. "ನಿಮ್ಮಪ್ಪ ನನ್ನ ಕೂರಿಸ್ದೆ ಒಂದಿನ ಬಸ್ಸಲ್ಲಿ ಬಂದವರಲ್ಲ. ಕಣ್ಣು ಕಾಣದ ಈ ಮುದುಕಿಗೇ ಇಷ್ಟು ಬುದ್ಧಿ ಬಂತು. ನನ್ನ ಮಾಡಿದ ದೇವರಿಗೆ ಬರಲ್ವಾ?"

ಅದಕ್ಕೆ ಯಾವ ಪತ್ರಿಕೆಯ ಯಾವ ಅಧ್ಯಾಯದಿಂದಲೂ ಯಾರೂ ವಾಕ್ಯ ತೆಗೆಯಲಿಲ್ಲ. ಜೋಸ್ ಒಂದು ಕಂಬಿ, ಸಜಿ ಒಂದು ಕಂಬಿ ಹಿಡಿದು ಮನೆಯವರೆಗೆ ನಿಂತೇ ಬಂದರು. ಅಷ್ಟು ಖಾತ್ರಿಯಾಗಿ ಆಯ್ಕೆಯಾಗಿದ್ದ ನಾನೂ ನಿಂತೇ ಬಂದೆ. ಕಣ್ಣು ಒದ್ದೆಯಾದದ್ದನ್ನು ಒರೆಸಿಕೊಳ್ಳಲು ಎರಡೂ ಕೈ ಕಂಬಿಯಲ್ಲಿದ್ದುದರಿಂದ ಆಗಲಿಲ್ಲ.

ಆ ಸಂಜೆ ಎರಡು ಬೇಲಿ ಆಚೆಯಿಂದ ಜಪಮಾಲೆಯ ಕೊನೆಗೆ ಕುರಿಯಾಚನ್ನನ ಹೆಸರು ಕೇಳಿಸಿತು, ಮೊದಲಿಗಿಂತ ಗಟ್ಟಿಯಾಗಿ. ಚಾತ್ತವೂ ನಡೆಯಿತು. ಸಜಿ ಬಂದ, ಮೀನಿನ ಸಾರು ಎರಡು ಸಲ ಹಾಕಿಸಿಕೊಂಡ, ತಾನು ಈ ಮೀನನ್ನು ತಿನ್ನುವುದು ಕೂಡ ಅನಾದಿಯಲ್ಲೇ ನಿಶ್ಚಿತವಾಗಿದ್ದಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದ. ಪಿಕಪ್ಪಿನ ಹೂವು ಇನ್ನೂ ಇದೆ, ಏಲಿಯಮ್ಮ ಇನ್ನೂ ಅದಕ್ಕೆ ಹತ್ತುವುದಿಲ್ಲ. ನಾನು ಹೋಗುವಷ್ಟರಲ್ಲಿ ಮೊದಲ ಪಂಕ್ತಿ ಮುಗಿದಿತ್ತು. ಎರಡನೆಯದರಲ್ಲಿ ಕುರಿಯಾಚನ್ನನ ಇಸ್ಪೀಟಿನ ಗೆಳೆಯರ ನಡುವೆ ಜಾಗ ಸಿಕ್ಕಿತು. ಬೇಯಿಸಿದ ಮರಗೆಣಸು, ಕಾಯಿಚಟ್ನಿ ಬಡಿಸಿದರು. ಬಾಳೆಹಣ್ಣಿನಾಚೆಗೆ ಆ ಮನೆಯಲ್ಲಿ ನಾನು ಉಂಡ ಮೊದಲ ಊಟ ಅದು.

ಈಗಲೂ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಬಟ್ಟೆಗಳು ಹಾರುತ್ತವೆ. ಮೊದಲೆಲ್ಲ ಖಾಲಿ ಸೀಟಿನ ಮೇಲೆ ಮಲಗಿದ ಬೈರಾಸನ್ನು ಕಂಡೊಡನೆ ನನಗೆ ರೇಗುತ್ತಿತ್ತು. ಈಗ ಅದನ್ನು ಯಾರು, ಯಾರಿಗಾಗಿ ಹಾಕಿರಬಹುದು ಎಂದು ನೋಡುತ್ತ ನಿಲ್ಲುತ್ತೇನೆ, ಆ ಸೀಟಿನ ಧಣಿ ಬರುವವರೆಗೂ. ಯಾವತ್ತಾದರೂ ನಾನು ಮೆಟ್ಟಿಲಿಗೆ ತಾಗಿ ಒಳಕ್ಕೆ ಬೀಳುವ ದಿನ ಬಂದಾಗ, ಯಾರಾದರೊಬ್ಬರು ತಮ್ಮ ಬೈರಾಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಾರು ಎಂಬ ಒಂದು ಸಣ್ಣ ಆಸೆ. ಸದ್ಯಕ್ಕೆ ನನಗೆ ನಿಲ್ಲಲು ಬರುತ್ತದೆ, ನಿಂತಿದ್ದೇನೆ.